ಬೆಟ್ಟ ಬಿಟ್ಟುಕೊಡದ ಜುಂಬಿ

ಈ ಲೇಖನ ನನ್ನದೇ ಒಂದು ತಪ್ಪಿನಿಂದ ಹುಟ್ಟಿತು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲೇ ಇರುವ ಗೆಳೆಯ ಹಳಿಯಾಳ ತಾಲ್ಲೂಕಿನವನು, ಸಿದ್ದಿ ಸಮುದಾಯದವನು. ಕಳೆದ ವರ್ಷ ನಾವಿಬ್ಬರೂ ಪ್ರಥಮ ಪಿಯುಸಿಯಲ್ಲಿದ್ದಾಗ ಕ್ರೀಡಾಕೂಟದ ದಿನ ಅವನು ಓಟಕ್ಕೆ ಗೆರೆಯ ಮೇಲೆ ನಿಂತಿದ್ದ. ಹಿಂದಿನಿಂದ ಯಾರೋ ಅವನನ್ನು ವೆಸ್ಟ್ ಇಂಡೀಸ್ ಎಂದು ಕೂಗಿದರು. ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅವನು ತಿರುಗಿ ನೋಡಿದಾಗ ಅವನ ಕಣ್ಣಿಗೆ ಬಿದ್ದದ್ದು ನನ್ನ ಮುಖವೇ.

ಅವನು ಜಗಳ ಮಾಡಲಿಲ್ಲ. ಆ ರಾತ್ರಿ ಇಶಾ ನಮಾಜ್ ಮುಗಿಸಿ ಬಂದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿದ. ಇತಿಹಾಸದಲ್ಲಿ ನನಗೆ ತರಗತಿಗೇ ಹೆಚ್ಚು ಅಂಕ ಬಂದಿತ್ತು. ಹಾಗಾದರೆ ಅವನಂಥವರ ಇತಿಹಾಸ ನನಗೆ ಏನಾದರೂ ಗೊತ್ತೇ ಎಂದು ಕೇಳಿದ. ನಾನು ಜಂಬದಿಂದ ಅಹಮದ್‌ನಗರದ ಮಲಿಕ್ ಅಂಬರ್ ಹೆಸರು ಹೇಳಿದೆ, ಬಿಜಾಪುರದ ಇಖ್ಲಾಸ್ ಖಾನ್ ಹೆಸರನ್ನೂ ಸೇರಿಸಿದೆ. ಅವರಿಬ್ಬರೂ ಆಫ್ರಿಕಾದಿಂದ ಬಂದು ದಖ್ಖನಿನಲ್ಲಿ ದೊಡ್ಡ ಅಧಿಕಾರಕ್ಕೆ ಏರಿದವರು. ಅವನು ತಲೆಯಾಡಿಸಿದ. ಅವರು ದರ್ಬಾರಿನವರು, ನನ್ನ ಹಿರಿಯರು ದರ್ಬಾರಿಗೆ ಹೋದವರಲ್ಲ, ಪೋರ್ಚುಗೀಸರ ಕೈಯಿಂದ ತಪ್ಪಿಸಿಕೊಂಡು ಕಾಡಿಗೆ ಓಡಿಹೋದವರು, ಓಡಿಹೋದವರಿಗೂ ಒಬ್ಬ ನಾಯಕ ಇದ್ದನೆಂದು ಯಾವ ಪುಸ್ತಕದಲ್ಲಾದರೂ ಬರೆದಿದೆಯೇ ಎಂದು ಕೇಳಿದ.

ನನ್ನ ಬಳಿ ಉತ್ತರ ಇರಲಿಲ್ಲ. ಮರುದಿನ ಇತಿಹಾಸದ ಸರ್ ಬಳಿ ಹೋಗಿ ಅದೇ ಪ್ರಶ್ನೆ ಕೇಳಿದೆ. ಸರ್ ಸ್ವಲ್ಪ ಹೊತ್ತು ಯೋಚಿಸಿ ಒಂದು ಹೆಸರು ಬರೆದುಕೊಟ್ಟರು, ಜುಂಬಿ. ದೇಶ ಬ್ರೆಜಿಲ್. ನೀವೇ ಓದಿ ತಿಳಿದುಕೊಳ್ಳಿ ಎಂದಷ್ಟೇ ಹೇಳಿ ಕಳುಹಿಸಿದರು. ಒಂದು ವರ್ಷ ಸಿಕ್ಕಿದ್ದನ್ನೆಲ್ಲ ಓದಿದೆ. ನನ್ನ ಗೆಳೆಯನಿಗೆ ಕೊಡಬೇಕಾಗಿದ್ದ ಆ ಉತ್ತರವನ್ನು, ಅವನ ಒಪ್ಪಿಗೆ ಪಡೆದು, ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ಆಲೆಮನೆಯಿಂದ ಕಾಡಿಗೆ

ನಮ್ಮ ಕಡೆ ಆಲೆಮನೆ ಎಂದರೆ ಸಂಭ್ರಮ. ಕಬ್ಬಿನ ಹಾಲು, ಬಿಸಿ ಬೆಲ್ಲ, ನೆಂಟರು, ಮಕ್ಕಳ ಗಲಾಟೆ. ನಾಲ್ಕು ನೂರು ವರ್ಷಗಳ ಹಿಂದೆ ಬ್ರೆಜಿಲಿನಲ್ಲಿ ಆಲೆಮನೆ ಎಂದರೆ ಸಾವಿನ ಮನೆ.

ಪೋರ್ಚುಗೀಸರು 1500ರಲ್ಲಿ ಬ್ರೆಜಿಲಿನ ದಡ ಮುಟ್ಟಿದರು. ಅದೇ ಶತಮಾನದಲ್ಲಿ ಈಶಾನ್ಯ ಕರಾವಳಿಯ ಪೆರ್ನಾಂಬುಕೊ ಮತ್ತು ಬಹಿಯಾ ಪ್ರಾಂತ್ಯಗಳಲ್ಲಿ ಕಬ್ಬಿನ ತೋಟಗಳು ಹಬ್ಬಿದವು. ಯುರೋಪಿಗೆ ಸಕ್ಕರೆ ಬೇಕಿತ್ತು, ತೋಟಕ್ಕೆ ಆಳುಗಳು ಬೇಕಿತ್ತು. ಮೊದಲು ಅಲ್ಲಿನ ಮೂಲನಿವಾಸಿಗಳನ್ನು ದುಡಿಸಿದರು. ಅವರು ರೋಗದಿಂದಲೂ ದುಡಿತದಿಂದಲೂ ಸಾಯತೊಡಗಿದಾಗ ಆಫ್ರಿಕಾದಿಂದ, ಅದರಲ್ಲೂ ಅಂಗೋಲಾ ಕಡೆಯಿಂದ, ಜನರನ್ನು ಸರಪಳಿ ಹಾಕಿ ಹಡಗಿನಲ್ಲಿ ತುಂಬಿ ತಂದರು. ಅಟ್ಲಾಂಟಿಕ್ ಸಾಗರದ ಆಚೆಗೆ ಹೀಗೆ ಸಾಗಿಸಿದವರು ಒಟ್ಟು ಸುಮಾರು 1 ಕೋಟಿ 25 ಲಕ್ಷ ಜನ ಎಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಬದುಕಿ ದಡ ಸೇರಿದವರಲ್ಲಿ ಬ್ರೆಜಿಲ್ ಒಂದಕ್ಕೇ ಬಂದವರು ಸುಮಾರು 48 ಲಕ್ಷ. ಬೇರೆ ಯಾವ ದೇಶಕ್ಕೂ ಇಷ್ಟು ಜನರನ್ನು ತಂದಿರಲಿಲ್ಲ.

ಕೊಯ್ಲಿನ ಕಾಲದಲ್ಲಿ ಗಾಣ ಹಗಲು ರಾತ್ರಿ ತಿರುಗುತ್ತಿತ್ತು. ನಿದ್ದೆಗೆಟ್ಟ ಆಳಿನ ಕೈ ಕಬ್ಬಿನ ಜೊತೆ ಗಾಣಕ್ಕೆ ಸಿಕ್ಕಿಕೊಂಡರೆ ಇಡೀ ದೇಹ ಒಳಗೆ ಹೋಗದಂತೆ ತೋಳು ಕಡಿಯಲು ಪಕ್ಕದಲ್ಲೇ ಒಂದು ಕೊಡಲಿ ಇಟ್ಟಿರುತ್ತಿದ್ದರು. ಕೊಪ್ಪರಿಗೆಯ ಬಳಿ ನಿಂತವರ ಮೈ ಸುಡುತ್ತಿತ್ತು. ಹೀಗಿರುವಾಗ ಜನ ಓಡಿಹೋಗದೆ ಇರುತ್ತಾರೆಯೇ?

ಓಡಿದವರು ಒಳನಾಡಿನ ಕಾಡು ಸೇರಿದರು. ಹಾಗೆ ಸೇರಿದವರು ಕಟ್ಟಿಕೊಂಡ ಊರುಗಳನ್ನು ಮೊಕಾಂಬೊ ಎಂದೂ ಮುಂದೆ ಕಿಲೊಂಬೊ ಎಂದೂ ಕರೆದರು. ಕಿಲೊಂಬೊ ಎಂಬುದು ಅಂಗೋಲಾದ ಕಿಂಬುಂಡು ಭಾಷೆಯ ಮಾತು. ಯೋಧರ ಬೀಡು ಎಂದು ಅದರ ಅರ್ಥ. ನಮ್ಮ ಕನ್ನಡದ ಪಾಳೆಯ ಎಂಬ ಮಾತು ಅದಕ್ಕೆ ಸರಿಯಾಗಿ ಹೊಂದುತ್ತದೆ. ಬ್ರೆಜಿಲಿನ ಉದ್ದಗಲಕ್ಕೂ ಇಂಥ ಪಾಳೆಯಗಳು ಎದ್ದವು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಹೆಚ್ಚು ಕಾಲ ನಿಂತದ್ದು ಪಾಲ್ಮಾರೆಸ್.

ತಾಳೆಮರಗಳ ನಾಡು

ಪಾಲ್ಮಾರೆಸ್ ಎಂದರೆ ತಾಳೆ ಜಾತಿಯ ಮರಗಳ ತೋಪು. ಈಗಿನ ಅಲಗೋವಾಸ್ ರಾಜ್ಯದಲ್ಲಿ ಸೆರ್ರಾ ದ ಬರ್ರಿಗಾ ಎಂಬ ಬೆಟ್ಟವಿದೆ. ಹೊಟ್ಟೆಯ ಬೆಟ್ಟ ಎಂದು ಅದರ ಅರ್ಥ. ಆ ಬೆಟ್ಟ ಮತ್ತು ಅದರ ಸುತ್ತಲಿನ ಕಾಡಿನಲ್ಲಿ ಹತ್ತಾರು ಹಳ್ಳಿಗಳು ಹರಡಿಕೊಂಡಿದ್ದವು. ಬೆಟ್ಟದ ಮೇಲಿನ ಮಕಾಕೊ ಎಂಬುದು ರಾಜಧಾನಿ. ಸುಬುಪಿರ, ಅಕೊತಿರೆನೆ, ತಬೊಕಾಸ್, ಅಮಾರೊ ಮುಂತಾದವು ಉಳಿದ ಊರುಗಳು.

1630ರಿಂದ 1654ರವರೆಗೆ ಪೆರ್ನಾಂಬುಕೊ ಡಚ್ಚರ ಕೈಯಲ್ಲಿತ್ತು. ಇಬ್ಬರು ಒಡೆಯರು ಹೊಡೆದಾಡುವಾಗ ಆಳುಗಳಿಗೆ ದಾರಿ ಸಿಕ್ಕಿತು. ಆ ಗಲಭೆಯಲ್ಲಿ ಪಾಲ್ಮಾರೆಸ್ ಬೆಳೆಯಿತು. ಡಚ್ಚರೂ ಅದನ್ನು ಸುಮ್ಮನೆ ಬಿಡಲಿಲ್ಲ. 1645ರಲ್ಲಿ ಬಂದ ಡಚ್ ದಂಡು ತಾನು ಕಂಡ ಒಂದು ಊರಿನ ವಿವರ ಬರೆದಿಟ್ಟಿದೆ. 220 ಮನೆಗಳು, ನಡುವೆ ಒಂದು ಪ್ರಾರ್ಥನಾ ಮಂದಿರ, ನಾಲ್ಕು ಕಮ್ಮಾರಸಾಲೆಗಳು, ಸಭೆ ಸೇರಲು ಒಂದು ದೊಡ್ಡ ಮನೆ. ನಾಲ್ಕು ಕಮ್ಮಾರಸಾಲೆ ಎಂಬುದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆ. ಓಡಿಹೋದವರೆಂದರೆ ಗುಹೆಯಲ್ಲಿ ಅಡಗಿ ಕೂತವರು ಎಂದುಕೊಂಡಿದ್ದೆ. ಇವರು ಊರು ಕಟ್ಟಿದ್ದರು, ಕಬ್ಬಿಣ ಬಡಿಯುತ್ತಿದ್ದರು.

ಕರಾವಳಿಯ ತೋಟಗಳಲ್ಲಿ ಬರೀ ಕಬ್ಬು. ಬೆಟ್ಟದ ಮೇಲೆ ಜೋಳ, ಹುರುಳಿಕಾಯಿ, ಮರಗೆಣಸು, ಸಿಹಿಗೆಣಸು, ಬಾಳೆ ಎಲ್ಲವೂ ಬೆಳೆಯುತ್ತಿತ್ತು. ತಾಳೆಮರ ಅವರಿಗೆ ಎಣ್ಣೆ, ಸೂರು, ಹಗ್ಗ, ಆಹಾರ ಎಲ್ಲವನ್ನೂ ಕೊಡುತ್ತಿತ್ತು. ಹೆಚ್ಚಿದ ಬೆಳೆಯನ್ನು ಹತ್ತಿರದ ಬಡ ವಲಸೆಗಾರರಿಗೆ ಕೊಟ್ಟು ಉಪ್ಪು, ಬಂದೂಕು, ಮದ್ದುಗುಂಡು ಪಡೆಯುತ್ತಿದ್ದರು. 1990ರ ದಶಕದಲ್ಲಿ ಆ ಬೆಟ್ಟದಲ್ಲಿ ಉತ್ಖನನ ನಡೆದಾಗ ಮೂಲನಿವಾಸಿಗಳ ಶೈಲಿಯ ಮಡಕೆಗಳೂ ಸಿಕ್ಕವು. ಅಲ್ಲಿ ಬರೀ ಆಫ್ರಿಕನ್ನರಲ್ಲ, ಬೇರೆಯವರ ಕೈಕೆಲಸವೂ ಇತ್ತೆಂದು ಅದರಿಂದ ತಿಳಿಯುತ್ತದೆ.

ಪಾಲ್ಮಾರೆಸಿನ ಜನಸಂಖ್ಯೆ 30 ಸಾವಿರ ಎಂದು ಕೆಲವು ಪುಸ್ತಕಗಳು ಹೇಳುತ್ತವೆ. ಅದು ಅತಿಯಾಯಿತು, ನಿಜವಾದ ಸಂಖ್ಯೆ ಇದಕ್ಕಿಂತ ಎಷ್ಟೋ ಕಡಿಮೆ ಎನ್ನುವ ಇತಿಹಾಸಕಾರರೂ ಇದ್ದಾರೆ. ಎಷ್ಟೇ ಇರಲಿ, ಅದು ಸುಮಾರು ಒಂದು ಶತಮಾನ ನಿಂತಿತು. ಅದನ್ನು ಸ್ವರ್ಗವೆಂದು ಬಣ್ಣಿಸುವುದೂ ಸರಿಯಲ್ಲ. ತಾನಾಗಿ ಓಡಿಬಂದವರು ಅಲ್ಲಿ ಸ್ವತಂತ್ರರು, ದಾಳಿಯಲ್ಲಿ ಹಿಡಿದು ತಂದವರು ಮಾತ್ರ ಆಳುಗಳಾಗಿಯೇ ಇರುತ್ತಿದ್ದರು ಎಂದು ಅಂದಿನ ಬರಹಗಳು ಹೇಳುತ್ತವೆ. ಹಾಗೆ ಬರೆದವರು ಅವರ ಶತ್ರುಗಳು ಎಂಬುದೂ ನಮ್ಮ ನೆನಪಿನಲ್ಲಿರಬೇಕು.

ಜುಂಬಿ ಎಂಬ ಹೆಸರು

ಹಾಸ್ಟೆಲಿನಲ್ಲಿ ಈ ಹೆಸರು ಹೇಳಿದಾಗ ಎಲ್ಲರಿಗೂ ನೆನಪಾದದ್ದು ಸಿನಿಮಾದ ಜೋಂಬಿಗಳು. ತಮಾಷೆಯ ಮಾತಾದರೂ ಅದರಲ್ಲಿ ಸತ್ಯವಿದೆ. ಮಧ್ಯ ಆಫ್ರಿಕಾದ ಭಾಷೆಗಳಲ್ಲಿ ಸತ್ತವರ ಆತ್ಮಕ್ಕೆ ಹೇಳುವ ಮಾತಿನಿಂದಲೇ ಎರಡೂ ಬಂದಿವೆ ಎನ್ನುತ್ತಾರೆ. ಇದು ಹುಟ್ಟಿದಾಗ ಇಟ್ಟ ಹೆಸರೋ, ಜನ ಕೊಟ್ಟ ಬಿರುದೋ ಎಂಬ ಚರ್ಚೆ ಇಂದಿಗೂ ಇದೆ.

ಜುಂಬಿಯ ಬಾಲ್ಯದ ಬಗ್ಗೆ ಒಂದು ಕಥೆ ಬಹಳ ಪ್ರಸಿದ್ಧ. ಅವನು 1655ರಲ್ಲಿ ಪಾಲ್ಮಾರೆಸಿನಲ್ಲಿ ಹುಟ್ಟಿದ, ಕೂಸಾಗಿದ್ದಾಗಲೇ ಸೈನಿಕರ ಕೈಗೆ ಸಿಕ್ಕಿದ, ಪೋರ್ಟೊ ಕಾಲ್ವೊ ಎಂಬ ಊರಿನ ಪಾದ್ರಿಯೊಬ್ಬರು ಅವನಿಗೆ ಫ್ರಾನ್ಸಿಸ್ಕೊ ಎಂದು ಹೆಸರಿಟ್ಟು ಪೋರ್ಚುಗೀಸ್ ಮತ್ತು ಲ್ಯಾಟಿನ್ ಕಲಿಸಿದರು, 15ನೇ ವಯಸ್ಸಿನಲ್ಲಿ ಅವನು ಓಡಿಹೋಗಿ ಮತ್ತೆ ಬೆಟ್ಟ ಸೇರಿದ. ಓದಲು ಎಷ್ಟು ಚೆನ್ನಾಗಿದೆ! ನನ್ನ ಮೊದಲ ಕರಡು ಇದರಿಂದಲೇ ಶುರುವಾಗಿತ್ತು. ಆದರೆ ಈ ಕಥೆ ದೇಸಿಯೊ ಫ್ರೇಟಾಸ್ ಎಂಬ ಲೇಖಕರ ಪುಸ್ತಕದಿಂದ ಹರಡಿದ್ದು. ಅದಕ್ಕೆ ಆಧಾರವೆಂದು ಅವರು ಹೇಳಿದ ಪಾದ್ರಿಯ ಪತ್ರಗಳು ಬೇರೆ ಸಂಶೋಧಕರಿಗೆ ಸಿಕ್ಕಿಲ್ಲ. ಆದ್ದರಿಂದ ಇದನ್ನು ಕಥೆಯೆಂದೇ ಇಟ್ಟುಕೊಳ್ಳೋಣ. ಜುಂಬಿಯ ಹೆಂಡತಿಯೆಂದು ಹೇಳುವ ವೀರ ಮಹಿಳೆ ದಂಡಾರಾ ಕೂಡ ಜನರ ನೆನಪಿನಲ್ಲಿ ಬದುಕಿದ್ದಾಳೆ, ಅಂದಿನ ಕಾಗದಗಳಲ್ಲಿ ಅವಳ ಹೆಸರಿಲ್ಲ.

ಕಾಗದಗಳಲ್ಲಿ ಇರುವುದು ಬೇರೆಯೇ ಜುಂಬಿ. 1670ರ ದಶಕದಲ್ಲಿ ಪಾಲ್ಮಾರೆಸನ್ನು ಆಳುತ್ತಿದ್ದವನು ಗಂಗಾ ಜುಂಬಾ. ನಮ್ಮ ಗಂಗಾನದಿಗೂ ಈ ಹೆಸರಿಗೂ ಸಂಬಂಧವಿಲ್ಲ, ಅದು ಅಂಗೋಲಾ ಕಡೆಯ ಪದವಿಸೂಚಕ ಮಾತು. ಅವನ ತಂಗಿಯದೋ ತಮ್ಮನದೋ ಮಗ ಜುಂಬಿ, ಸೇನೆಯ ಮುಖ್ಯಸ್ಥ. ಮನುವೆಲ್ ಲೋಪೆಸ್ ಎಂಬ ಪೋರ್ಚುಗೀಸ್ ಅಧಿಕಾರಿ ನಡೆಸಿದ ದಾಳಿಯಲ್ಲಿ ಜುಂಬಿಗೆ ಗುಂಡು ಬಿತ್ತು. ಜೀವ ಉಳಿಯಿತು, ಒಂದು ಕಾಲು ಊನವಾಯಿತು. 1678ರ ಸುಮಾರಿಗೆ ಬರೆದ ಒಂದು ಪೋರ್ಚುಗೀಸ್ ವರದಿ ಇದನ್ನೆಲ್ಲ ಹೇಳುತ್ತಾ ಅವನ ಧೈರ್ಯವನ್ನೂ ಬಗ್ಗದ ಸ್ವಭಾವವನ್ನೂ ಮೆಚ್ಚಿಕೊಂಡಿದೆ. ಶತ್ರುವಿನ ಲೇಖನಿಯಿಂದ ಬಂದ ಹೊಗಳಿಕೆ ಅದು.

ಅಂದರೆ ನಾವು ಇಂದು ನೆನೆಯುವ ಈ ವೀರ ತನ್ನ ಹೆಸರಾಂತ ಹೋರಾಟವನ್ನೆಲ್ಲ ಕುಂಟುತ್ತಲೇ ಮಾಡಿದವನು.

ಸಂಧಿಯ ಕಾಗದ

ಜುಂಬಿಯ ಬದುಕಿನ ನಿಜವಾದ ಪರೀಕ್ಷೆ ಬಂದದ್ದು ಯುದ್ಧದಲ್ಲಲ್ಲ, ಶಾಂತಿಯ ಮಾತುಕತೆಯಲ್ಲಿ.

1677ರಲ್ಲಿ ಫೆರ್ನಾಂವ್ ಕರಿಲ್ಯೊ ಎಂಬ ಸೇನಾಪತಿಯ ದಾಳಿ ಪಾಲ್ಮಾರೆಸನ್ನು ನಡುಗಿಸಿತು. ಗಂಗಾ ಜುಂಬಾನ ಬಂಧುಗಳಲ್ಲೇ ಹಲವರು ಸೆರೆಸಿಕ್ಕಿದರು. 1678ರಲ್ಲಿ ಪೆರ್ನಾಂಬುಕೊದ ರಾಜ್ಯಪಾಲ ಪೆದ್ರೊ ದ ಅಲ್ಮೇಡಾ ಸಂಧಿಗೆ ಕರೆದ. ಗಂಗಾ ಜುಂಬಾ ಒಪ್ಪಿ ತನ್ನ ಮಕ್ಕಳನ್ನೇ ದೂತರನ್ನಾಗಿ ರೆಸಿಫೆ ನಗರಕ್ಕೆ ಕಳುಹಿಸಿದ.

ಷರತ್ತುಗಳು ಹೀಗಿದ್ದವು. ಪಾಲ್ಮಾರೆಸಿನಲ್ಲಿ ಹುಟ್ಟಿದವರು ಸ್ವತಂತ್ರರು. ಅವರಿಗೆ ಕುಕವು ಎಂಬ ಕಣಿವೆಯಲ್ಲಿ ಜಮೀನು, ವ್ಯಾಪಾರಕ್ಕೆ ಅನುಮತಿ. ಬದಲಿಗೆ ಅವರು ಬೆಟ್ಟ ಬಿಡಬೇಕು, ಪೋರ್ಚುಗಲ್ ರಾಜನಿಗೆ ವಿಧೇಯರಾಗಿರಬೇಕು, ತೋಟಗಳಿಂದ ಓಡಿಬಂದವರನ್ನು ಒಡೆಯರಿಗೆ ಒಪ್ಪಿಸಬೇಕು.

ಕೊನೆಯ ಷರತ್ತನ್ನು ಇನ್ನೊಮ್ಮೆ ಓದಿ. ಬೆಟ್ಟದಲ್ಲಿ ಹುಟ್ಟಿದ ಮಗನಿಗೆ ಸ್ವಾತಂತ್ರ್ಯ, ಅವನನ್ನು ಹೊತ್ತು ಬೆಟ್ಟಕ್ಕೆ ಓಡಿಬಂದ ತಾಯಿಗೆ ಮತ್ತೆ ಗಾಣ. ನಿನ್ನೆ ಬಂದು ಬಾಗಿಲು ತಟ್ಟಿದವನನ್ನು ಇವತ್ತು ಹಿಡಿದುಕೊಡಬೇಕು.

ಗಂಗಾ ಜುಂಬಾನನ್ನು ಹೇಡಿ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಅವನ ಮನೆಯವರು ಶತ್ರುವಿನ ಕೈಯಲ್ಲಿದ್ದರು. ಹತ್ತಾರು ವರ್ಷಗಳ ಯುದ್ಧದಿಂದ ಜನ ದಣಿದಿದ್ದರು. ಇರುವಷ್ಟನ್ನು ಉಳಿಸಿಕೊಳ್ಳೋಣ ಎಂದು ಅವನು ಯೋಚಿಸಿರಬಹುದು. ಯಾವ ಹಿರಿಯನಾದರೂ ಹಾಗೆ ಯೋಚಿಸಬಹುದು.

ಜುಂಬಿ ಒಪ್ಪಲಿಲ್ಲ. ಅವನೂ ಅವನ ಜೊತೆಯವರೂ ಬೆಟ್ಟದಲ್ಲೇ ಉಳಿದರು. ಗಂಗಾ ಜುಂಬಾ ತನ್ನನ್ನು ನಂಬಿದವರೊಂದಿಗೆ ಕುಕವು ಕಣಿವೆಗೆ ಇಳಿದ. ಅಲ್ಲಿ ಅವನು ವಿಷಪ್ರಾಶನದಿಂದ ಸತ್ತ, ಅದರ ಹಿಂದೆ ಜುಂಬಿಯ ಕಡೆಯವರಿದ್ದರು ಎಂದು ಅಂದಿನವರು ಹೇಳಿದರು. ಸ್ವಂತ ಜನರೇ ಎರಡು ಪಾಲಾಗಿದ್ದರು. ಇದು ಈ ಕಥೆಯ ಕಹಿ ಭಾಗ, ಇದನ್ನು ಮುಚ್ಚಿಟ್ಟು ಬರೆದರೆ ಅದು ಚರಿತ್ರೆಯಾಗುವುದಿಲ್ಲ. 1680ರ ಹೊತ್ತಿಗೆ ಕುಕವು ನೆಲಸಮವಾಯಿತು. ಸಂಧಿಯನ್ನು ನಂಬಿ ಇಳಿದವರಲ್ಲಿ ಅನೇಕರನ್ನು ಪೋರ್ಚುಗೀಸರು ಮತ್ತೆ ಗುಲಾಮರನ್ನಾಗಿ ಮಾಡಿದರು. ಇಳಿಯದೆ ಉಳಿದವರ ನಾಯಕ ಈಗ ಜುಂಬಿ.

ಬೇಲಿ ಮತ್ತು ಪ್ರಪಾತ

ಮುಂದಿನ ಹದಿನಾಲ್ಕು ವರ್ಷ ಅವನು ಬೆಟ್ಟ ಕಾಯ್ದ. ಮೇಲಿಂದ ಮೇಲೆ ದಂಡುಗಳು ಬಂದವು, ಸೋತು ಅಥವಾ ದಣಿದು ಹಿಂದಿರುಗಿದವು. ತೋಟದ ಒಡೆಯರಿಗೆ ನಷ್ಟಕ್ಕಿಂತ ಹೆಚ್ಚಿನ ಚಿಂತೆ ಬೇರೆಯಿತ್ತು. ಬೆಟ್ಟದ ಮೇಲೆ ಕರಿಯರು ಸ್ವತಂತ್ರರಾಗಿ ಬದುಕುತ್ತಿದ್ದಾರೆ ಎಂಬ ಸುದ್ದಿಯೇ ಪ್ರತಿ ಆಲೆಮನೆಯಲ್ಲೂ ರಾತ್ರಿ ಪಿಸುಮಾತಾಗುತ್ತಿತ್ತು.

ಕೊನೆಗೆ ಸರ್ಕಾರ ದೊಮಿಂಗೊಸ್ ಜೋರ್ಜಿ ವೆಲ್ಯೊ ಎಂಬವನನ್ನು ಗೊತ್ತುಮಾಡಿತು. ಅವನು ಸಾವೊ ಪೌಲೊ ಕಡೆಯವನು, ಕಾಡಿನಲ್ಲಿ ಮೂಲನಿವಾಸಿಗಳನ್ನು ಬೇಟೆಯಾಡಿ ಮಾರುವುದೇ ಅವನಂಥವರ ಕಸುಬು. 1687ರಲ್ಲಿ ಅವನೊಂದಿಗೆ ಕರಾರಾಯಿತು. ಗೆದ್ದರೆ ಜಮೀನು, ಜೊತೆಗೆ ಸೆರೆಸಿಕ್ಕವರಲ್ಲಿ ಪಾಲು. ಅವನ ಮೊದಲ ದಾಳಿ ಫಲಿಸಲಿಲ್ಲ. 1694ರ ಜನವರಿಯಲ್ಲಿ ಪೆರ್ನಾಂಬುಕೊದ ಸೈನ್ಯವನ್ನು ಜೊತೆಗೆ ಸೇರಿಸಿಕೊಂಡು ಅವನು ಮತ್ತೆ ಬಂದ. ಈ ಸಲ ಫಿರಂಗಿಗಳೂ ಬರುವುದಿದ್ದವು.

ಮಕಾಕೊ ಸುತ್ತ ಜುಂಬಿ ದಿಮ್ಮಿಗಳ ಭದ್ರವಾದ ಬೇಲಿ ಕಟ್ಟಿಸಿದ್ದ. ಹೊರಗೆ ಕಂದಕಗಳು, ಅವುಗಳಲ್ಲಿ ಚೂಪಾದ ಗೂಟಗಳು. ವಾರಗಟ್ಟಲೆ ಮುತ್ತಿಗೆ ನಡೆದರೂ ಬೇಲಿ ಬೀಳಲಿಲ್ಲ. ಆಗ ವೆಲ್ಯೊ ಒಂದು ಉಪಾಯ ಮಾಡಿದ. ರಾತ್ರಿ ಕತ್ತಲಲ್ಲಿ ತಾನೂ ಒಂದು ಬೇಲಿ ಕಟ್ಟುತ್ತಾ, ಅದರ ಮರೆಯಲ್ಲಿ ಓರೆಯಾಗಿ ಊರಿನ ಬೇಲಿಯ ಹತ್ತಿರಕ್ಕೆ ಬಂದ. ಒಂದು ಕಡೆ ಬೇಲಿ, ಇನ್ನೊಂದು ಕಡೆ ಪ್ರಪಾತ, ನಡುವೆ ಸ್ವಲ್ಪವೇ ಜಾಗ ಉಳಿಯಿತು. ಜುಂಬಿಗೆ ಇದು ಗೊತ್ತಾಗುವಷ್ಟರಲ್ಲಿ ತಡವಾಗಿತ್ತು.

ಫೆಬ್ರವರಿ 5ರ ರಾತ್ರಿ ಕಳೆದು 6 ಬೆಳಗಾಗುವ ಮೊದಲು ಅವನು ತನ್ನ ಜನರನ್ನು ಆ ಸಂದಿಯಿಂದ ಸದ್ದಿಲ್ಲದೆ ಹೊರಗೆ ಸಾಗಿಸಲು ಹೊರಟ. ಕಾವಲಿನವರಿಗೆ ತಿಳಿದುಹೋಯಿತು. ಕತ್ತಲಲ್ಲಿ ಗುಂಡು ಹಾರಿತು. ಸುಮಾರು 200 ಜನ ಪ್ರಪಾತಕ್ಕೆ ಬಿದ್ದರು. ಇನ್ನೂ ಅಷ್ಟೇ ಜನ ಹೋರಾಟದಲ್ಲಿ ಸತ್ತರು. ಸುಮಾರು 500 ಜನ, ಹೆಂಗಸರು ಮಕ್ಕಳು ಸೇರಿ, ಸೆರೆಸಿಕ್ಕಿದರು. ಸೆರೆಸಿಕ್ಕವರನ್ನು ಮಾರಿದರು. ಮಕಾಕೊ ಉರಿದುಹೋಯಿತು.

ಜುಂಬಿ ಶರಣಾಗುವ ಬದಲು ಪ್ರಪಾತಕ್ಕೆ ಹಾರಿ ಪ್ರಾಣಬಿಟ್ಟ ಎಂದು ಬಹಳ ಕಾಲ ಬ್ರೆಜಿಲಿನ ಪುಸ್ತಕಗಳಲ್ಲಿ ಬರೆಯುತ್ತಿದ್ದರು. ನಾನೂ ಲೇಖನವನ್ನು ಅಲ್ಲಿಗೇ ಮುಗಿಸಬೇಕೆಂದಿದ್ದೆ. ಆದರೆ ಅದು ನಿಜವಲ್ಲ. ಅವನು ಗಾಯಗೊಂಡು ತಪ್ಪಿಸಿಕೊಂಡಿದ್ದ. ರಾಜಧಾನಿ ಇಲ್ಲ, ಸೇನೆ ಇಲ್ಲ, ಕಾಲು ಊನ. ಆದರೂ ಅಳಿದುಳಿದವರನ್ನು ಕಟ್ಟಿಕೊಂಡು ಸುಮಾರು 21 ತಿಂಗಳು ಕಾಡಿನಲ್ಲಿ ಹೋರಾಟ ಮುಂದುವರಿಸಿದ.

ಕಂಬದ ಮೇಲಿನ ತಲೆ

1695ರಲ್ಲಿ ಅವನ ನಂಬಿಕೆಯ ಸಂಗಡಿಗರಲ್ಲಿ ಒಬ್ಬನಾದ ಅಂತೋನಿಯೊ ಸೊವಾರೆಸ್ ಸೆರೆಸಿಕ್ಕಿದ. ಅವನಿಗೆ ಚಿತ್ರಹಿಂಸೆ ಕೊಟ್ಟರು, ಜೀವ ಉಳಿಸುತ್ತೇವೆಂದು ಆಸೆಯನ್ನೂ ತೋರಿಸಿದರು. ಅವನು ದಾರಿ ತೋರಿಸಿದ. ನವೆಂಬರ್ 20ರಂದು ಆಂದ್ರೆ ಫುರ್ತಾದೊ ದ ಮೆಂಡೊನ್ಸಾ ಎಂಬವನ ತುಕಡಿ ಜುಂಬಿಯ ಅಡಗುತಾಣಕ್ಕೆ ನುಗ್ಗಿತು. ಜುಂಬಿ ತನ್ನ ಕೆಲವೇ ಸಂಗಡಿಗರ ಜೊತೆ ಕೊನೆಯವರೆಗೂ ಹೋರಾಡಿ ಸತ್ತ.

ಅವನ ತಲೆ ಕಡಿದು ರೆಸಿಫೆಗೆ ಒಯ್ದರು. ರಾಜ್ಯಪಾಲ ಕಯೆತಾನೊ ದ ಮೆಲೊ ಎ ಕಾಸ್ತ್ರೊ ಅದನ್ನು ಊರಿನ ಬಹಿರಂಗ ಜಾಗದಲ್ಲಿ ಕಂಬಕ್ಕೆ ಸಿಕ್ಕಿಸಿ ನಿಲ್ಲಿಸಲು ಅಪ್ಪಣೆ ಮಾಡಿದ. ಕಾರಣವನ್ನು 1696ರಲ್ಲಿ ರಾಜನಿಗೆ ಬರೆದ ಪತ್ರದಲ್ಲಿ ಅವನೇ ತಿಳಿಸಿದ್ದಾನೆ. ಕರಿಯರು ಜುಂಬಿಗೆ ಸಾವೇ ಇಲ್ಲವೆಂದು ನಂಬಿದ್ದರು, ಆ ನಂಬಿಕೆಯನ್ನು ಮುರಿದು ಅವರನ್ನು ಹೆದರಿಸಬೇಕಿತ್ತು.

ಹೆದರಿಕೆ ಹುಟ್ಟಿರಬಹುದು, ಓಟ ನಿಲ್ಲಲಿಲ್ಲ. ಜುಂಬಿ ಸತ್ತ ಮೇಲೂ ಅವನ ಜನ ಆ ಕಾಡುಗಳಲ್ಲಿ ಹದಿನೆಂಟನೇ ಶತಮಾನದವರೆಗೆ ಹೋರಾಡಿದರು. ಬೇರೆ ಕಡೆ ಹೊಸ ಕಿಲೊಂಬೊಗಳು ಎದ್ದವು. ನಮ್ಮ ಓದುಗರಿಗೆ ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. 1835ರ ಜನವರಿಯಲ್ಲಿ, ರಮಝಾನ್ ತಿಂಗಳ ಕೊನೆಯ ದಿನಗಳಲ್ಲಿ, ಬಹಿಯಾದ ಸಾಲ್ವಡೋರ್ ನಗರದಲ್ಲಿ ಆಫ್ರಿಕನ್ ಮುಸ್ಲಿಂ ಗುಲಾಮರೂ ಬಿಡುಗಡೆ ಪಡೆದಿದ್ದವರೂ ಸೇರಿ ದಂಗೆಯೆದ್ದರು. ಮಲೆ ದಂಗೆ ಎಂದು ಅದರ ಹೆಸರು. ಅದನ್ನು ಒಂದೇ ರಾತ್ರಿಯಲ್ಲಿ ಹತ್ತಿಕ್ಕಲಾಯಿತು. ಅವರ ಬಳಿ ಸಿಕ್ಕ ಅರಬ್ಬಿ ಬರಹದ ಹಾಳೆಗಳು ಇಂದಿಗೂ ಬಹಿಯಾದ ಪತ್ರಾಗಾರದಲ್ಲಿವೆ. ಓದು ಬರಹ ಬಲ್ಲವರನ್ನೂ ಸಂತೆಯಲ್ಲಿ ಮಾರಿದ್ದರು ಎಂಬುದಕ್ಕೆ ಆ ಹಾಳೆಗಳೇ ಸಾಕ್ಷಿ.

ಮೇ 13 ಮತ್ತು ನವೆಂಬರ್ 20

ಬ್ರೆಜಿಲ್ ಗುಲಾಮಗಿರಿಯನ್ನು ರದ್ದು ಮಾಡಿದ್ದು 1888ರ ಮೇ 13ರಂದು, ಜುಂಬಿ ಸತ್ತು 192 ವರ್ಷಗಳ ಮೇಲೆ. ಅಮೆರಿಕ ಖಂಡಗಳಲ್ಲಿ ಅದೇ ಕೊನೆಯ ದೇಶ. ರಾಜಕುಮಾರಿ ಇಸಬೆಲ್ ಕಾನೂನಿಗೆ ಸಹಿ ಹಾಕಿದಳು. ಬಿಡುಗಡೆಯಾದವರಿಗೆ ಒಂದು ತುಂಡು ಜಮೀನನ್ನೂ ಕೊಡಲಿಲ್ಲ. ಮುಂದೆ ಶಾಲೆಗಳಲ್ಲಿ ಮೇ 13ರಂದು ರಾಜಕುಮಾರಿಯ ಕರುಣೆಯನ್ನು ಕೊಂಡಾಡುತ್ತಿದ್ದರು.

1971ರಲ್ಲಿ ಪೋರ್ಟೊ ಅಲೆಗ್ರೆ ನಗರದಲ್ಲಿ ಕವಿ ಒಲಿವೇರಾ ಸಿಲ್ವೇರಾ ಮತ್ತು ಅವರ ಗೆಳೆಯರು ಪಾಲ್ಮಾರೆಸ್ ಎಂಬ ಹೆಸರಿನಲ್ಲಿ ಒಂದು ಗುಂಪು ಕಟ್ಟಿದರು. ಯಾರೋ ಕೊಟ್ಟ ಸ್ವಾತಂತ್ರ್ಯದ ದಿನಕ್ಕಿಂತ, ಅದಕ್ಕಾಗಿ ಪ್ರಾಣ ಕೊಟ್ಟವನ ದಿನ ನಮ್ಮದು ಎಂಬುದು ಅವರ ವಾದ. ಅವರು ನವೆಂಬರ್ 20ನ್ನು ಆರಿಸಿಕೊಂಡರು. ಆಗ ಅಲ್ಲಿ ಸೈನಿಕ ಆಡಳಿತವಿತ್ತು, ಸಭೆ ಸೇರುವುದೇ ಕಷ್ಟವಾಗಿತ್ತು. ಆ ಸಣ್ಣ ಗುಂಪಿನ ಮಾತು ದೇಶವನ್ನು ತಲುಪಲು ವರ್ಷಗಳೇ ಬೇಕಾದವು. 2003ರ ಕಾನೂನು ಎಲ್ಲ ಶಾಲೆಗಳಲ್ಲೂ ಆಫ್ರೋ-ಬ್ರೆಜಿಲಿಯನ್ ಇತಿಹಾಸ ಕಲಿಸುವುದನ್ನು ಕಡ್ಡಾಯ ಮಾಡಿ, ಈ ದಿನವನ್ನು ಶಾಲಾ ಪಂಚಾಂಗಕ್ಕೆ ಸೇರಿಸಿತು. 2023ರ ಕೊನೆಯಲ್ಲಿ ಅದು ರಾಷ್ಟ್ರೀಯ ರಜಾದಿನವಾಯಿತು. ಅಲಗೋವಾಸ್ ರಾಜಧಾನಿ ಮಸೆಯೊದ ವಿಮಾನ ನಿಲ್ದಾಣಕ್ಕೆ ಈಗ ಜುಂಬಿಯ ಹೆಸರಿದೆ. ಅಂದು ತಲೆಯನ್ನು ಕಂಬಕ್ಕೇರಿಸಿದ ರಾಜ್ಯಪಾಲನ ಹೆಸರು ನಮಗೆ ತಿಳಿದಿರುವುದೇ ಜುಂಬಿಯ ದೆಸೆಯಿಂದ.

ಕಿಲೊಂಬೊಗಳು ಬರೀ ಹಳೆಯ ಕಥೆಯಲ್ಲ. ಓಡಿಹೋದವರ ವಂಶದವರು ಇಂದಿಗೂ ಬ್ರೆಜಿಲಿನ ಹಳ್ಳಿಗಳಲ್ಲಿ ಒಟ್ಟಾಗಿ ಬದುಕುತ್ತಿದ್ದಾರೆ. 1988ರ ಸಂವಿಧಾನ ಅವರು ನೆಲೆಸಿರುವ ಭೂಮಿಗೆ ಹಕ್ಕುಪತ್ರ ಕೊಡಬೇಕೆಂದು ಹೇಳಿತು. 2022ರ ಜನಗಣತಿಯಲ್ಲಿ ಮೊದಲ ಬಾರಿಗೆ ಅವರನ್ನು ಪ್ರತ್ಯೇಕವಾಗಿ ಎಣಿಸಿದಾಗ ಸಂಖ್ಯೆ 13 ಲಕ್ಷ ದಾಟಿತು. ಆದರೆ ಹಕ್ಕುಪತ್ರ ಸಿಕ್ಕ ಭೂಮಿಯಲ್ಲಿ ವಾಸಿಸುವವರು ಅವರಲ್ಲಿ ನೂರಕ್ಕೆ ಐವರಿಗಿಂತ ಕಡಿಮೆ. ಬೆಟ್ಟ ಯಾರದು ಎಂಬ ಜುಂಬಿಯ ಕಾಲದ ಪ್ರಶ್ನೆ ಇನ್ನೂ ಮುಗಿದಿಲ್ಲ.

ನನ್ನ ಗೆಳೆಯನ ತಿದ್ದುಪಡಿ

ಉತ್ತರ ಕನ್ನಡದ ಸಿದ್ದಿಗಳ ಹಿರಿಯರಲ್ಲೂ ಅನೇಕರನ್ನು ಅದೇ ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಗೋವಾಕ್ಕೆ ತಂದದ್ದು. ತಪ್ಪಿಸಿಕೊಂಡವರು ಘಟ್ಟ ಹತ್ತಿ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡುಗಳನ್ನು ಸೇರಿದರು. ಇಂದು ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಎಲ್ಲರೂ ಇದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಒಂದೇ ಧ್ವಜದ ಹಡಗುಗಳು, ಎರಡು ಸಾಗರಗಳು, ಎರಡು ಕಾಡುಗಳು. ಜುಂಬಿಯ ಕಥೆ ಬ್ರೆಜಿಲಿನದು, ಸಿದ್ದಿಗಳ ಕಥೆ ಬೇರೆ. ಎರಡನ್ನೂ ಕಲಸಿ ಒಂದು ಮಾಡುವುದು ತಪ್ಪು. ಆದರೆ ಓಡಿಹೋದವರಿಗೂ ಒಬ್ಬ ನಾಯಕ ಇದ್ದನೇ ಎಂಬ ಪ್ರಶ್ನೆಗೆ ಈಗ ನನ್ನ ಬಳಿ ಉತ್ತರವಿದೆ.

ಕರಡು ಮುಗಿದ ರಾತ್ರಿ ಗೆಳೆಯನಿಗೆ ಓದಿ ಹೇಳಿದೆ. ಅದರಲ್ಲಿ ಕೊನೆಯ ದೃಶ್ಯವಾಗಿ ಪ್ರಪಾತಕ್ಕೆ ಹಾರುವ ಜುಂಬಿಯನ್ನೇ ಇಟ್ಟಿದ್ದೆ. ಅದು ನಿಜವಲ್ಲವೆಂದು ಗೊತ್ತಿದ್ದೂ, ಚೆನ್ನಾಗಿ ಕಾಣುತ್ತದೆಂದು ಬಿಟ್ಟಿರಲಿಲ್ಲ. ನಿಜವೇ ಎಂದು ಅವನು ಕೇಳಿದ. ಅಲ್ಲವೆಂದು ಒಪ್ಪಿಕೊಂಡೆ. ಹಾಗಾದರೆ ತೆಗೆದುಬಿಡು, ಒಂದೇ ಸಲ ಹಾರಿ ಸಾಯುವುದಕ್ಕಿಂತ ಕುಂಟುಕಾಲಿನಲ್ಲಿ 21 ತಿಂಗಳು ಬದುಕಿ ಹೋರಾಡಿದ್ದು ದೊಡ್ಡದು ಎಂದ. ನಾನು ತೆಗೆದೆ. ಆಮೇಲೆ ಅವನು ಜುಂಬಿಯ ತಾಯಿ ಅವನನ್ನು ಏನೆಂದು ಕರೆಯುತ್ತಿದ್ದಳು ಎಂದು ಕೇಳಿದ. ಅದು ಯಾವ ಕಾಗದದಲ್ಲೂ ಇಲ್ಲ ಎಂದೆ. ಅವನು ದೀಪ ಆರಿಸಿ ಮಲಗಿದ. ಕ್ಷಮೆ ಕೇಳಬೇಕೆಂದು ಒಂದು ವರ್ಷದಿಂದ ಅಂದುಕೊಂಡಿದ್ದೆ, ಆ ಕತ್ತಲಲ್ಲಿ ಕೇಳಿದೆ. ಅವನು ಸರಿ, ಮಲಗು ಎಂದ.

ಈ ವರ್ಷದ ಕ್ರೀಡಾಕೂಟದಲ್ಲಿ ಅವನು ಮತ್ತೆ ಅದೇ ಗೆರೆಯ ಮೇಲೆ ನಿಂತ. ಹಿಂದೆ ಯಾರೋ ಹಳೆಯ ಕೂಗನ್ನು ಶುರುಮಾಡಿದರು. ನಾನು ಅದಕ್ಕಿಂತ ಜೋರಾಗಿ ಅವನ ಹೆಸರು ಹಿಡಿದು ಕೂಗಿದೆ, ಅವನ ಅಮ್ಮ ಕರೆಯುವ ಹೆಸರನ್ನೇ. ನಮ್ಮ ಕೋಣೆಯ ಉಳಿದ ಇಬ್ಬರೂ ಕೂಗಿದರು. ಓಟದಲ್ಲಿ ಅವನು ಎರಡನೆಯವನಾಗಿ ಬಂದ. ಬಂದವನೇ ನಮ್ಮ ಬಳಿ ಕೂತು ನನ್ನ ಬಾಟಲಿಯ ನೀರನ್ನೆಲ್ಲ ಕುಡಿದು ಮುಗಿಸಿದ.

ದ್ವಿತೀಯ ಪಿಯುಸಿ, ಕಲಾ ವಿಭಾಗ